ಬೀಗವಿಲ್ಲದ ಟಪಾಲು ಪೆಟ್ಟಿಗೆ

ಖಾನಾಪುರದಲ್ಲಿ ಮಳೆ ಹಿಡಿದರೆ ಬಿಡುವ ಮಾತಿಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಕಾಕಾನ ಮನೆಯ ಹಂಚು ಸೋರತೊಡಗಿ, ಅಟ್ಟದ ಮೇಲಿನ ಸಾಮಾನುಗಳನ್ನೆಲ್ಲ ಕೆಳಗಿಳಿಸಬೇಕಾಯಿತು. ಆಗ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಹಳೆಯ ಗಣಕಯಂತ್ರವೊಂದು ಹೊರಬಿತ್ತು. ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾದ ಕಾಕಾ ಅದನ್ನು 2003ರಲ್ಲಿ ಬೆಳಗಾವಿಯಿಂದ ಕೊಂಡು ತಂದಿದ್ದರು. ನಮ್ಮ ಅಜ್ಜ ಲೋಂಡಾ ನಿಲ್ದಾಣದಲ್ಲಿ ಕೆಲಸ ಮಾಡಿದವರು. ಅವರು ಹೇಳುತ್ತಿದ್ದ ರೈಲಿನ ಕತೆ, ಕಾಡಿನ ಕತೆ, ಊರಿನ ಮನೆತನಗಳ ಕತೆಗಳನ್ನು ಕಾಕಾ ಪ್ರತಿ ರವಿವಾರ ಕುಳಿತು ಟೈಪು ಮಾಡಿ, ಪುಣೆಯಲ್ಲಿದ್ದ ಅತ್ತೆಗೆ ಇ-ಮೇಲ್ ಕಳಿಸುತ್ತಿದ್ದರು. ಅಜ್ಜ 2009ರಲ್ಲಿ ತೀರಿಕೊಂಡರು. ಆ ಪತ್ರಗಳನ್ನು ಯಾರೂ ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡಿರಲಿಲ್ಲ. ಅತ್ತೆಯ ಹಳೆಯ ಇ-ಮೇಲ್ ಖಾತೆ ಬಹುಕಾಲ ಬಳಸದೆ ಮುಚ್ಚಿಹೋಗಿತ್ತು.

ಯಂತ್ರ ಸತ್ತಿತ್ತು, ಆದರೆ ಅದರ ಹಾರ್ಡ್ ಡಿಸ್ಕ್ ಬದುಕಿತ್ತು. ಬೆಳಗಾವಿಯ ಗೆಳೆಯರೊಬ್ಬರು ಅದನ್ನು ಹೊಸ ಗಣಕಕ್ಕೆ ಜೋಡಿಸಿಕೊಟ್ಟರು. ಕಡತಗಳು ಕಾಣಿಸಿದವು. ತೆರೆದು ನೋಡಿದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಪೌಂಡಿನ ಗುರುತು, ತಲೆಯ ಮೇಲೆ ಗೀಟು ಹೊತ್ತ ಅಪರಿಚಿತ ಚಿಹ್ನೆಗಳು. ಕಾಕಾ ಕನ್ನಡಕ ಒರೆಸಿ ಒರೆಸಿ ನೋಡಿದರು. "ನೋಡವಾ, ನಾ ಬರದದ್ದು ಅಚ್ಚ ಕನ್ನಡದಾಗ. ಇದ್ಯಾಕ ಹಿಂಗ ಹುಳಾ ಹರದಾಡಿದಂಗ ಕಾಣತೈತಿ?" ಎಂದರು.

ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟಾಗ ಕಳೆದ ಮೂವತ್ತು ವರ್ಷಗಳ ಒಂದು ಇತಿಹಾಸವೇ ತೆರೆದುಕೊಂಡಿತು. ಅಂತರಜಾಲವನ್ನು ನೋಡುವ ಬ್ರೌಸರ್, ಪತ್ರ ಕಳಿಸುವ ಇ-ಮೇಲ್ ತಂತ್ರಾಂಶ, ಇವೆರಡೂ ಯಾರ ಸ್ವತ್ತು? ಅವುಗಳ ಒಳಗಿನ ರಚನೆ ಗುಟ್ಟಾಗಿರಬೇಕೇ, ಎಲ್ಲರಿಗೂ ತೆರೆದಿರಬೇಕೇ? ಈ ವಾದ ದೂರದ ಅಮೆರಿಕದಲ್ಲಿ ಹುಟ್ಟಿದ್ದು ನಿಜ. ಆದರೆ ಅದರ ಫಲ ಖಾನಾಪುರದ ಅಟ್ಟದವರೆಗೂ ಬಂದು ಮುಟ್ಟಿದೆ.

ಎರಡು ದಿನಗಳ ಕತೆ

1998ನೇ ಇಸವಿಯ ಏಪ್ರಿಲ್ 1 ಬೆಳಗಾವಿಗೆ ಮುಖ್ಯವಾದ ದಿನ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಿಗೆ ಬೆಳಗಾವಿಯೇ ಕೇಂದ್ರವಾಯಿತು. ಅದರ ಹಿಂದಿನ ದಿನ, ಅಂದರೆ ಮಾರ್ಚ್ 31ರಂದು, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಇನ್ನೊಂದು ಘಟನೆ ನಡೆಯಿತು. ನೆಟ್‌ಸ್ಕೇಪ್ ಎಂಬ ಕಂಪನಿ ತನ್ನ ಬ್ರೌಸರಿನ ಮೂಲಪಾಠವನ್ನು, ಅಂದರೆ ತಂತ್ರಾಂಶ ತಜ್ಞರು ಬರೆದ ಸಾಲುಸಾಲು ಆದೇಶಗಳನ್ನು, ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು ಎಂದು ಜಗತ್ತಿಗೆ ಬಿಟ್ಟುಕೊಟ್ಟಿತು. ಎರಡಕ್ಕೂ ನೇರ ಸಂಬಂಧವೇನೂ ಇಲ್ಲ. ಆದರೂ ಈ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಓದಿದ ಹುಡುಗ ಹುಡುಗಿಯರೇ ಮುಂದೆ ಅಂಥ ತಂತ್ರಾಂಶವನ್ನು ತಮ್ಮ ತಮ್ಮ ಊರುಗಳಿಗೆ ಒಯ್ದರು.

ಹಿನ್ನೆಲೆಯನ್ನು ಸ್ವಲ್ಪ ನೋಡೋಣ. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬಿನಾ ಮೊಸಾಯಿಕ್ ಎಂಬ ಬ್ರೌಸರನ್ನು ರೂಪಿಸಿದರು. ಚಿತ್ರ ಮತ್ತು ಬರಹವನ್ನು ಒಂದೇ ಪುಟದಲ್ಲಿ ತೋರಿಸಿದ ಅದು ಅಂತರಜಾಲವನ್ನು ಸಾಮಾನ್ಯರ ಕೈಗೆ ತಂದಿತು. ಮರುವರ್ಷ ಆಂಡ್ರೀಸನ್ ಮತ್ತು ಜಿಮ್ ಕ್ಲಾರ್ಕ್ ಸೇರಿ ಕಟ್ಟಿದ ಕಂಪನಿಯೇ ನೆಟ್‌ಸ್ಕೇಪ್. ಅದರ ಬ್ರೌಸರಿಗೆ ಒಳಗಿನವರು ಇಟ್ಟ ಅಡ್ಡಹೆಸರು ಮೊಜಿಲ್ಲಾ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ನಮ್ಮವರು ಮೊದಲು ಕಂಡ ಬ್ರೌಸರುಗಳಲ್ಲಿ ನೆಟ್‌ಸ್ಕೇಪ್ ಮುಖ್ಯವಾದದ್ದು.

ಆದರೆ ಮೈಕ್ರೋಸಾಫ್ಟ್ ಕಂಪನಿ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನು ವಿಂಡೋಸ್ ಜೊತೆಯಲ್ಲೇ ಪುಕ್ಕಟೆಯಾಗಿ ಕೊಡತೊಡಗಿದಾಗ ನೆಟ್‌ಸ್ಕೇಪಿನ ವ್ಯಾಪಾರ ಕುಸಿಯಿತು. ಮನೆಗೆ ತಂದ ಯಂತ್ರದಲ್ಲೇ ಬ್ರೌಸರ್ ಇರುವಾಗ ಇನ್ನೊಂದನ್ನು ಹಣ ಕೊಟ್ಟು ಕೊಳ್ಳುವವರು ಯಾರು? ಮುಳುಗುತ್ತಿದ್ದ ಕಂಪನಿ ಕೊನೆಯ ಉಪಾಯವೆಂಬಂತೆ ತನ್ನ ಗುಟ್ಟನ್ನು ಬಯಲು ಮಾಡಿತು.

ಇದು ಪೂರ್ತಿ ಹೊಸ ವಿಚಾರವೇನಲ್ಲ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲೇ ಗ್ನೂ ಯೋಜನೆಯನ್ನು ಘೋಷಿಸಿ, ತಂತ್ರಾಂಶ ಬಳಸುವವನಿಗೆ ಅದನ್ನು ಅರಿಯುವ, ತಿದ್ದುವ, ನೆರೆಯವರಿಗೆ ಕೊಡುವ ಸ್ವಾತಂತ್ರ್ಯವಿರಬೇಕು ಎಂದು ವಾದಿಸಿದ್ದರು. 1991ರಲ್ಲಿ ಲಿನಕ್ಸ್ ಬಂದಿತ್ತು. ಅಡುಗೆಯ ಹೋಲಿಕೆ ಕೊಡುವುದಾದರೆ, ಬೆಳಗಾವಿಯ ಕುಂದಾ ಮಾರುವ ಅಂಗಡಿಯವನು ತನ್ನ ಹದವನ್ನು ಹೇಳಿಕೊಡುವುದಿಲ್ಲ. ಆದರೆ ಮನೆಯಲ್ಲಿ ಅವ್ವ ಮಾಡುವ ಹೋಳಿಗೆಯ ಹದ ಓಣಿಗೆಲ್ಲ ಗೊತ್ತು. ಯಾರೋ ಏಲಕ್ಕಿ ಹೆಚ್ಚು ಹಾಕುತ್ತಾರೆ, ಯಾರೋ ಬೆಲ್ಲ ಕಡಿಮೆ ಮಾಡುತ್ತಾರೆ. ಮುಕ್ತ ತಂತ್ರಾಂಶ ಹೋಳಿಗೆಯ ಜಾತಿಗೆ ಸೇರಿದ್ದು.

ಅಕ್ಷರ ಎಲ್ಲಿ ಅಡಗಿತ್ತು?

ಈಗ ಕಾಕಾನ ಪ್ರಶ್ನೆಗೆ ಬರೋಣ. ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಇಂಥ ಸಂಖ್ಯೆ ಬಂದರೆ ಇಂಥ ಅಕ್ಷರ ಎಂಬ ಒಪ್ಪಂದ ಬೇಕು. ಇಂಗ್ಲಿಷಿಗೆ ಆ ಒಪ್ಪಂದ 1960ರ ದಶಕದಲ್ಲೇ ಆಗಿತ್ತು. ಭಾರತೀಯ ಲಿಪಿಗಳಿಗಾಗಿ ಇಸ್ಕಿ ಎಂಬ ಸಂಕೇತ ವ್ಯವಸ್ಥೆ ರೂಪುಗೊಂಡು 1991ರಲ್ಲಿ ರಾಷ್ಟ್ರೀಯ ಶಿಷ್ಟತೆಯೂ ಆಯಿತು. ಆದರೆ ಸಾಮಾನ್ಯ ಬಳಕೆಯ ತಂತ್ರಾಂಶಗಳು ಅದನ್ನು ಹೆಚ್ಚಾಗಿ ಅಳವಡಿಸಿಕೊಳ್ಳಲಿಲ್ಲ.

ಹೀಗಾಗಿ ಕನ್ನಡ ತಂತ್ರಾಂಶ ರೂಪಿಸಿದವರು ಒಂದು ಜಾಣ ಉಪಾಯ ಹೂಡಿದರು. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದರು. ಆ ಕಾಲದ ಒಂದು ಜನಪ್ರಿಯ ಅಕ್ಷರಶೈಲಿಯಲ್ಲಿ 'ಕ' ಎಂದು ಕಾಣುವುದು ಯಂತ್ರದ ಲೆಕ್ಕದಲ್ಲಿ ಇಂಗ್ಲಿಷಿನ 'ಪಿ' ಮತ್ತು ತಲೆಯ ಮೇಲೆ ಗೀಟಿರುವ 'ಎ'. ಆ ಅಕ್ಷರಶೈಲಿ ಯಂತ್ರದಲ್ಲಿ ಇರುವವರೆಗೆ ಕನ್ನಡ ಕಾಣುತ್ತದೆ. ಅದು ಇಲ್ಲವಾದರೆ ವೇಷ ಕಳಚಿ 'ಪಿ', 'ಎ' ಹೊರಬೀಳುತ್ತವೆ. ಒಬ್ಬೊಬ್ಬರ ಅಕ್ಷರಶೈಲಿಯಲ್ಲಿ ಒಂದೊಂದು ಜೋಡಣೆ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲು ಬಾರದು. ಕಾಕಾನ ಪತ್ರಗಳಿಗೆ ಬಂದದ್ದು ಇದೇ ಗತಿ.

ಈ ಉಪಾಯವನ್ನು ಈಗ ಹಳಿಯುವುದು ನ್ಯಾಯವಲ್ಲ. ಬೇರೆ ದಾರಿ ಇಲ್ಲದ ಕಾಲದಲ್ಲಿ ಕನ್ನಡವನ್ನು ಗಣಕಕ್ಕೆ ತಂದವರು ಇವರೇ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನೇ ಇಂದಿಗೂ ಬಹುಪಾಲು ಕನ್ನಡಿಗರ ಬೆರಳು ಅನುಸರಿಸುತ್ತದೆ. 1996ರಲ್ಲಿ ಯು.ಬಿ. ಪವನಜ ಅವರ 'ವಿಶ್ವಕನ್ನಡ' ಅಂತರಜಾಲಕ್ಕೆ ಬಂತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಕೊಟ್ಟಿತು. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಪಟ್ಟು ಹಿಡಿದು ದನಿ ಎತ್ತಿದ್ದನ್ನು ಓದುಗರು ಮರೆತಿರಲಾರರು. ಯಂತ್ರದೊಳಗೆ ಸೇರಿಕೊಳ್ಳದ ಭಾಷೆ ಬದುಕಿನಿಂದಲೂ ಹೊರಗುಳಿದೀತು ಎಂಬ ಆತಂಕ ಅವರದಾಗಿತ್ತು.

ಶಾಶ್ವತ ಪರಿಹಾರವಾಗಿ ಒದಗಿದ್ದು ಯೂನಿಕೋಡ್. ಜಗತ್ತಿನ ಎಲ್ಲ ಲಿಪಿಗಳ ಎಲ್ಲ ಅಕ್ಷರಗಳಿಗೂ ಪ್ರತ್ಯೇಕ ಸಂಖ್ಯೆ ಕೊಡುವ ಈ ವ್ಯವಸ್ಥೆಯ ಮೊದಲ ಆವೃತ್ತಿ 1991ರಲ್ಲಿ ಹೊರಬಂತು. ಅದರಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಓಣಿ ಮೀಸಲಾಯಿತು. ಇಲ್ಲಿ ಕನ್ನಡದ 'ಕ' ಎಂದರೆ ಕನ್ನಡದ 'ಕ'ವೇ. ಅದು ಇನ್ನೊಂದರ ವೇಷವಲ್ಲ. 'ಬೆಳಗಾವಿ' ಎಂಬ ಪದವನ್ನೇ ತೆಗೆದುಕೊಳ್ಳಿ. ಬ, ಎತ್ವ, ಳ, ಗ, ಆಕಾರದ ದೀರ್ಘ, ವ, ಇಕಾರದ ಗುಡಿಸು ಸೇರಿ ಏಳು ಸಂಕೇತಗಳು. 'ಖಾನಾಪುರ' ಬರೆದರೂ ಲೆಕ್ಕ ಏಳೇ. ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್ ಬೇಕಾಗುವುದರಿಂದ ಎರಡೂ ಊರುಗಳ ಹೆಸರು ತಲಾ 21 ಬೈಟ್ ತೂಗುತ್ತವೆ.

ಆದರೆ ಸಂಖ್ಯೆ ಸಿಕ್ಕರೆ ಸಾಲದು. ಕನ್ನಡದಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ಸುಮ್ಮನೆ ನಿಲ್ಲುವುದಿಲ್ಲ. ಒತ್ತಕ್ಷರ ಕೆಳಗಿಳಿಯುತ್ತದೆ. 'ಸೂರ್ಯ' ಎಂದಾಗ ರಕಾರ ಅರ್ಕಾವತ್ತಾಗಿ ಯಕಾರದ ಮುಂದೆ ಹೋಗಿ ಕೂರುತ್ತದೆ. 'ರ‍್ಯಾಂಕು' ಎಂದಾಗ ರಕಾರ ತನ್ನ ಸ್ಥಾನದಲ್ಲೇ ಇದ್ದು ಯಕಾರ ಒತ್ತಾಗುತ್ತದೆ. ಸಂಕೇತಗಳನ್ನು ಓದಿ ಈ ರೂಪಗಳನ್ನು ಕೂಡಿಸುವ ಕೆಲಸವನ್ನು ಬ್ರೌಸರ್ ಮತ್ತು ಕಾರ್ಯಾಚರಣ ವ್ಯವಸ್ಥೆ ಸೇರಿ ಮಾಡಬೇಕು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರಶೈಲಿಯೂ ಈ ಸೌಲಭ್ಯವೂ ಇದ್ದವು. ಆದರೆ ಭಾರತೀಯ ಲಿಪಿಗಳ ಬೆಂಬಲವನ್ನು ಬೇರೆಯಾಗಿ ಚಾಲೂ ಮಾಡಿಕೊಳ್ಳಬೇಕಿತ್ತು. ಅದಕ್ಕೆ ಮೂಲ ಸಿ.ಡಿ. ಬೇಕು. ಬೆಳಗಾವಿಯ ಕಾಲೇಜು ರಸ್ತೆ, ಟಿಳಕವಾಡಿಗಳ ಸೈಬರ್ ಕೆಫೆಗಳಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಕೂತ ಹುಡುಗರಿಗೆ ಕನ್ನಡದ ಬದಲು ಸಾಲುಸಾಲು ಚೌಕಗಳು ಕಾಣಿಸುತ್ತಿದ್ದವಂತೆ. ಮರಾಠಿ ಓದುವವರ ಪಾಡೂ ಬೇರೆಯಾಗಿರಲಿಲ್ಲ. ಭಾಷೆಯ ವಿಷಯದಲ್ಲಿ ಎಷ್ಟೋ ವಾದಗಳನ್ನು ಕಂಡ ಈ ಗಡಿನಾಡಿನಲ್ಲಿ, ಆ ಚೌಕಗಳು ಮಾತ್ರ ಎರಡೂ ಭಾಷೆಯವರನ್ನು ಸಮನಾಗಿ ಕಾಡಿದವು.

ನರಿಯಲ್ಲದ ನರಿ

ನೆಟ್‌ಸ್ಕೇಪ್ ಬಿಟ್ಟುಕೊಟ್ಟ ಮೂಲಪಾಠ ಕೂಡಲೇ ಫಲ ಕೊಡಲಿಲ್ಲ. ಹಳೆಯದನ್ನು ತೇಪೆ ಹಾಕುವುದಕ್ಕಿಂತ ಹೊಸದಾಗಿ ಬರೆಯುವುದೇ ಸರಿ ಎಂದು ತೀರ್ಮಾನಿಸಿದ್ದರಿಂದ ನಾಲ್ಕು ವರ್ಷ ಹಿಡಿಯಿತು. ಮೊಜಿಲ್ಲಾ 1.0 ಬಂದದ್ದು 2002ರ ಜೂನ್ 5ರಂದು. ಅಷ್ಟರಲ್ಲಿ ಜಗತ್ತಿನ ಗಣಕಗಳಲ್ಲಿ ಬಹುಪಾಲು ಎಕ್ಸ್‌ಪ್ಲೋರರಿನ ವಶವಾಗಿದ್ದವು. ನೆಟ್‌ಸ್ಕೇಪನ್ನು ಕೊಂಡಿದ್ದ ಎ.ಒ.ಎಲ್. ಕಂಪನಿ 2003ರ ಜುಲೈನಲ್ಲಿ ಕೈತೊಳೆದುಕೊಂಡಿತು. ಆಗ 20 ಲಕ್ಷ ಡಾಲರ್ ಇಡುಗಂಟಿನೊಂದಿಗೆ ಮೊಜಿಲ್ಲಾ ಪ್ರತಿಷ್ಠಾನ ಹುಟ್ಟಿತು.

ಬ್ರೌಸರ್, ಇ-ಮೇಲ್, ಪುಟವಿನ್ಯಾಸ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದ ಮೊಜಿಲ್ಲಾ ಭಾರವಾಗಿತ್ತು. ಕೆಲವು ತರುಣರು ಗಂಟನ್ನು ಬಿಚ್ಚಿ ಬ್ರೌಸರನ್ನು ಮಾತ್ರ ಹಗುರಾಗಿ ಬೇರ್ಪಡಿಸಿದರು. ಅದಕ್ಕೆ ಫೀನಿಕ್ಸ್ ಎಂದು ಹೆಸರಿಟ್ಟರೆ ಅದು ಬೇರೊಬ್ಬರ ಹೆಸರಾಗಿತ್ತು. ಫೈರ್‌ಬರ್ಡ್ ಎಂದರೆ ಅದೂ ಇನ್ನೊಬ್ಬರದಾಗಿತ್ತು. ಕೊನೆಗೆ 2004ರ ಫೆಬ್ರವರಿಯಲ್ಲಿ ಫೈರ್‌ಫಾಕ್ಸ್ ಎಂಬ ಹೆಸರು ನಿಂತಿತು. ಲಾಂಛನದಲ್ಲಿ ನರಿ ಕಾಣುತ್ತದಾದರೂ ಹೆಸರು ಹಿಮಾಲಯದ ಕೆಂಪು ಪಾಂಡಾದ್ದು.

2004ರ ನವೆಂಬರ್ 9ರಂದು ಫೈರ್‌ಫಾಕ್ಸ್ 1.0 ಬಿಡುಗಡೆಯಾಯಿತು. ಒಂದೇ ಕಿಟಕಿಯಲ್ಲಿ ಹಲವು ಪುಟಗಳನ್ನು ತೆರೆಯುವ ಟ್ಯಾಬುಗಳು, ಕರೆಯದೆ ಬಂದು ಎರಗುವ ಜಾಹೀರಾತು ಕಿಟಕಿಗಳಿಗೆ ತಡೆ, ಇವು ಅದರ ಮುಖ್ಯ ಸೌಲಭ್ಯಗಳು. ಡಿಸೆಂಬರ್ 16ರ 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಎರಡು ಪುಟಗಳ ಜಾಹೀರಾತು ಬಂತು. ಅದರ ವೆಚ್ಚವನ್ನು ಭರಿಸಿದವರು ಸುಮಾರು ಹತ್ತು ಸಾವಿರ ಮಂದಿ ಬಳಕೆದಾರರು. ಊರಿನ ಜಾತ್ರೆಗೆ ಮನೆಮನೆಯಿಂದ ಪಟ್ಟಿ ಎತ್ತಿದ ಹಾಗೆ.

ಆದರೆ ಕನ್ನಡಿಗರ ದೃಷ್ಟಿಯಿಂದ ನೋಡಿದರೆ ಮುಖ್ಯವಾದ ಆವೃತ್ತಿಗಳು ಬೇರೆ. ಮೊದಲ ಆವೃತ್ತಿಗಳಲ್ಲಿ ಒಂದು ವಿಚಿತ್ರ ದೋಷವಿತ್ತು. ಪುಟದ ಎರಡೂ ಅಂಚುಗಳಿಗೆ ಸಮನಾಗಿ ಸಾಲುಗಳನ್ನು ಹೊಂದಿಸಿದರೆ ಭಾರತೀಯ ಲಿಪಿಗಳು ಒಡೆದುಹೋಗಿ, ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದವು. 2008ರ ಜೂನ್ 17ರಂದು ಬಂದ ಫೈರ್‌ಫಾಕ್ಸ್ 3 ಅದನ್ನು ಸರಿಪಡಿಸಿತು. ಒಂದೇ ದಿನದಲ್ಲಿ 80 ಲಕ್ಷಕ್ಕೂ ಹೆಚ್ಚು ಮಂದಿ ಇಳಿಸಿಕೊಂಡು ಗಿನ್ನೆಸ್ ದಾಖಲೆಯಾದ ಆವೃತ್ತಿ ಅದು. 2009ರ ಜೂನ್‌ನಲ್ಲಿ ಬಂದ 3.5ನೇ ಆವೃತ್ತಿಯಲ್ಲಿ ಅಕ್ಷರಶೈಲಿಯೇ ಪುಟದ ಜೊತೆಗೆ ಹರಿದುಬರುವ ಸೌಲಭ್ಯ ಸೇರಿತು. ಓದುಗನ ಯಂತ್ರದಲ್ಲಿ ಕನ್ನಡ ಇಲ್ಲದಿದ್ದರೂ ಪುಟ ತನ್ನ ಅಕ್ಷರವನ್ನು ತಾನೇ ಹೊತ್ತು ತರುತ್ತದೆ. ಸೈಬರ್ ಕೆಫೆಯ ಚೌಕಗಳ ಕಾಟಕ್ಕೆ ಇಲ್ಲಿ ಮದ್ದು ಸಿಕ್ಕಿತು.

2011ರ ಮಾರ್ಚ್ ತಿಂಗಳಲ್ಲಿ ಬೆಳಗಾವಿಯಲ್ಲಿ ವಿಶ್ವ ಕನ್ನಡ ಸಮ್ಮೇಳನ ನಡೆಯಿತು. ಅದೇ ತಿಂಗಳ 22ರಂದು ಫೈರ್‌ಫಾಕ್ಸ್ 4 ಬಂತು. ಸಂಕೇತಗಳನ್ನು ಅಕ್ಷರರೂಪಕ್ಕೆ ಜೋಡಿಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಬ್ರೌಸರಿನೊಳಗೆ ಅಳವಡಿಸುವ ಕೆಲಸ ಅದರಿಂದ ಆರಂಭವಾಯಿತು. ಮುಂದೆ ಕ್ರೋಮ್ ಕೂಡ ಇದನ್ನೇ ಅಳವಡಿಸಿಕೊಂಡಿತು. ಇಂದು ನಿಮ್ಮ ಆಂಡ್ರಾಯ್ಡ್ ಮೊಬೈಲಿನಲ್ಲಿ ಕನ್ನಡದ ಒತ್ತಕ್ಷರಗಳು ನೆಟ್ಟಗೆ ಕೂರುತ್ತಿದ್ದರೆ ಅದರ ಹಿಂದೆಯೂ ಇದೇ ತಂತ್ರಾಂಶವಿದೆ. ಒಬ್ಬರು ತಿದ್ದಿದ್ದು ಎಲ್ಲರಿಗೂ ದಕ್ಕುವುದು ಹೀಗೆ. ಇದರ ಜೊತೆಗೆ ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಅಕ್ಷರಶೈಲಿಗಳು ಹುಟ್ಟಿದವು. ಫೈರ್‌ಫಾಕ್ಸಿನ ಪಟ್ಟಿಗಳು, ಸೂಚನೆಗಳು ಕನ್ನಡದಲ್ಲೂ ಮರಾಠಿಯಲ್ಲೂ ದೊರೆತವು. ಅನುವಾದಿಸಿದವರಲ್ಲಿ ಸಂಜೆ ಕೆಲಸ ಮುಗಿಸಿ ಬಂದು ಕೂತ ಸ್ವಯಂಸೇವಕರೂ ಇದ್ದರು.

ಟಪಾಲಿನ ಲೆಕ್ಕಾಚಾರ

ಬ್ರೌಸರಿಗಿಂತ ಇ-ಮೇಲ್ ಹಳೆಯದು. ರೇ ಟಾಮ್ಲಿನ್‌ಸನ್ 1971ರಲ್ಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಸಂದೇಶ ಕಳಿಸಿ, ವಿಳಾಸದ ನಡುವೆ 'ಅಟ್' ಗುರುತನ್ನು ಇಟ್ಟರು. ಆ ವ್ಯವಸ್ಥೆ ಇಂಗ್ಲಿಷ್ ಅಕ್ಷರಗಳಿಗಷ್ಟೇ ಸಾಕಾಗುವಂತಿತ್ತು. ಬೇರೆ ಲಿಪಿ, ಚಿತ್ರ, ಲಗತ್ತುಗಳನ್ನು ಒಯ್ಯುವ ಮೈಮ್ ಎಂಬ ವಿಧಾನ ಬಂದದ್ದು 1992ರಲ್ಲಿ. ಇದು ಕನ್ನಡದ ಪತ್ರವನ್ನು ಹಳೆಯ ದಾರಿಯಲ್ಲೇ ಹೋಗುವಂತೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಮೂಟೆ ಕಟ್ಟಿ ಕಳಿಸುತ್ತದೆ. ಆ ತುದಿಯಲ್ಲಿ ಮೂಟೆ ಬಿಚ್ಚಿದಾಗ ಕನ್ನಡ ಹೊರಬರುತ್ತದೆ. ಮೂಟೆಯ ಮೇಲೆ 'ಒಳಗಿರುವುದು ಇಂಥ ಸಂಕೇತ ಪದ್ಧತಿ' ಎಂಬ ಚೀಟಿಯೂ ಇರಬೇಕು. ಚೀಟಿ ತಪ್ಪಿದರೆ ಪತ್ರ ಕೆಟ್ಟಿತು.

ಫೈರ್‌ಫಾಕ್ಸ್ ಬಂದ ಒಂದು ತಿಂಗಳಿಗೆ, 2004ರ ಡಿಸೆಂಬರ್ 7ರಂದು, ಅದರ ತಮ್ಮನಂತೆ ಥಂಡರ್‌ಬರ್ಡ್ ಎಂಬ ಇ-ಮೇಲ್ ತಂತ್ರಾಂಶ ಹುಟ್ಟಿತು. ಬೇಡದ ಪತ್ರಗಳನ್ನು ಬಳಸುವವನ ರುಚಿ ಕಲಿತು ಜರಡಿ ಹಿಡಿಯುವುದು ಅದರ ಮೊದಲ ಹೆಗ್ಗಳಿಕೆ. ಆದರೆ ನಮ್ಮ ಕತೆಗೆ ಮುಖ್ಯವಾದದ್ದು ಇನ್ನೊಂದು ಗುಣ. ಅದು ಪತ್ರಗಳನ್ನು ಎಂಬಾಕ್ಸ್ ಎಂಬ ಹಳೆಯ, ಸರಳ ಪದ್ಧತಿಯಲ್ಲಿ ಕೂಡಿಡುತ್ತದೆ. ಒಂದರ ಕೆಳಗೆ ಒಂದು ಪತ್ರವನ್ನು ಬರೀ ಪಠ್ಯವಾಗಿ ಬರೆದಿಟ್ಟ ದಫ್ತರದ ಹಾಗೆ. ಅದನ್ನು ತೆರೆಯಲು ಥಂಡರ್‌ಬರ್ಡೇ ಬೇಕೆಂದಿಲ್ಲ. ಪಠ್ಯ ತೆರೆಯುವ ಯಾವ ತಂತ್ರಾಂಶವಾದರೂ ಸಾಕು.

ಕಾಕಾ ಆರಂಭದಲ್ಲಿ ಬಳಸಿದ್ದು ಯಂತ್ರದ ಜೊತೆ ಬಂದ ತಂತ್ರಾಂಶ. ಅದು ಪತ್ರಗಳನ್ನು ತನ್ನದೇ ಗುಟ್ಟಿನ ರೂಪದಲ್ಲಿ ಮುಚ್ಚಿಡುತ್ತಿತ್ತು. 2005ರಲ್ಲಿ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನಮ್ಮ ಅಣ್ಣ ರಜೆಗೆ ಬಂದಾಗ ಥಂಡರ್‌ಬರ್ಡ್ ಹಾಕಿಕೊಟ್ಟ. ಕಾಲೇಜಿನ ಲ್ಯಾಬಿನಲ್ಲಿ ಅದನ್ನು ಕಂಡಿದ್ದನಂತೆ. ಪುಕ್ಕಟೆ ಎಂಬುದಷ್ಟೇ ಅವನಿಗೆ ಗೊತ್ತಿದ್ದ ಕಾರಣ. ಈಗ ಇಪ್ಪತ್ತು ವರ್ಷದ ನಂತರ ಆ ಎರಡು ಪೆಟ್ಟಿಗೆಗಳ ಗತಿ ಬೇರೆ ಬೇರೆಯಾಯಿತು. ಗುಟ್ಟಿನ ಪೆಟ್ಟಿಗೆಯಲ್ಲಿದ್ದ ಪತ್ರಗಳಲ್ಲಿ ಅರ್ಧದಷ್ಟನ್ನು ಮಾತ್ರ, ಅದೂ ತುಂಡುತುಂಡಾಗಿ, ಹೊರತೆಗೆಯಲು ಸಾಧ್ಯವಾಯಿತು. ಬೀಗವಿಲ್ಲದ ಪೆಟ್ಟಿಗೆಯಲ್ಲಿದ್ದ 143 ಪತ್ರಗಳೂ ತಾರೀಖು ಸಮೇತ ಸಿಕ್ಕವು. ಅಕ್ಷರಗಳು ವೇಷದಲ್ಲೇ ಇದ್ದವು ನಿಜ. ಆದರೆ ಯಾವ ಚಿಹ್ನೆ ಯಾವ ಕನ್ನಡ ಅಕ್ಷರ ಎಂಬ ಪಟ್ಟಿ ಸಿಕ್ಕರೆ ವೇಷ ಕಳಚಬಹುದು. ಅಂಥ ಪಟ್ಟಿಯನ್ನೂ, ಅದನ್ನು ಬಳಸಿ ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕವನ್ನೂ ಕನ್ನಡದ ಸ್ವಯಂಸೇವಕರು ಮೊದಲೇ ಮಾಡಿ ಎಲ್ಲರಿಗಾಗಿ ಇಟ್ಟಿದ್ದರು.

ಥಂಡರ್‌ಬರ್ಡಿನ ದಾರಿಯೂ ಸುಗಮವಾಗಿರಲಿಲ್ಲ. ಜನ ಬ್ರೌಸರಿನಲ್ಲೇ ಪತ್ರ ಓದತೊಡಗಿದಾಗ, 2012ರ ಜುಲೈನಲ್ಲಿ ಮೊಜಿಲ್ಲಾ ಇದರ ಹೊಸ ಬೆಳವಣಿಗೆಯಿಂದ ಹಿಂದೆ ಸರಿಯಿತು. ಸುರಕ್ಷತೆಯ ತಿದ್ದುಪಡಿಗಳು ಮಾತ್ರ ಮುಂದುವರಿದವು. ಖಾಸಗಿ ಸ್ವತ್ತಾಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಮೂಲಪಾಠ ಬಯಲಲ್ಲಿದ್ದುದರಿಂದ ಸ್ವಯಂಸೇವಕರು ಉಳಿಸಿಕೊಂಡರು. ಬಳಕೆದಾರರ ದೇಣಿಗೆ ಸೇರುತ್ತ ಬಂದು 2020ರ ಜನವರಿಯಲ್ಲಿ ಅದಕ್ಕೆಂದೇ ಪ್ರತ್ಯೇಕ ಅಂಗಸಂಸ್ಥೆ ಏರ್ಪಟ್ಟಿತು. ಅದೇ ವರ್ಷ ಪತ್ರವನ್ನು ಕಳಿಸಿದವರು ಮತ್ತು ಪಡೆದವರು ಮಾತ್ರ ಓದುವಂತೆ ಗೂಢಲಿಪಿಯಲ್ಲಿ ಮುಚ್ಚುವ ವ್ಯವಸ್ಥೆ ಒಳಗೇ ಸೇರಿತು.

ಹೊಸ ಆವೃತ್ತಿಗಳು, ಹಳೆಯ ಚಿಂತೆಗಳು

ಇತ್ತೀಚಿನ ವರ್ಷಗಳಲ್ಲಿ ಈ ಕ್ಷೇತ್ರ ಮತ್ತೆ ಚುರುಕಾಗಿದೆ. 2023ರ ಜುಲೈನಲ್ಲಿ ಥಂಡರ್‌ಬರ್ಡ್ 115 ಹೊಸ ಮುಖದೊಂದಿಗೆ ಬಂತು. ಕೆ-9 ಎಂಬ ಮೊಬೈಲ್ ತಂತ್ರಾಂಶವನ್ನು ತನ್ನೊಳಗೆ ಸೇರಿಸಿಕೊಂಡು, 2024ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ಫೋನಿಗೂ ಇಳಿಯಿತು. 2025ರ ಮಾರ್ಚ್‌ನಿಂದ ತಿಂಗಳಿಗೊಂದು ಆವೃತ್ತಿ ಹೊರಡಿಸುವ ಪದ್ಧತಿ ಆರಂಭವಾಯಿತು. ಫೈರ್‌ಫಾಕ್ಸ್ 2023ರ ಸೆಪ್ಟೆಂಬರ್‌ನಲ್ಲಿ ಪುಟವನ್ನು ಯಂತ್ರದೊಳಗೇ ಭಾಷಾಂತರಿಸುವ ಸೌಲಭ್ಯ ತಂದಿತು. ನಾವು ಓದುತ್ತಿರುವುದು ಏನೆಂದು ಹೊರಗಿನ ಯಾವ ಕಂಪನಿಗೂ ತಿಳಿಯುವುದಿಲ್ಲ ಎಂಬುದು ಇದರ ವಿಶೇಷ. 2025ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಟ್ಯಾಬುಗಳನ್ನು ಪಕ್ಕದಲ್ಲಿ ಸಾಲಾಗಿ ಜೋಡಿಸುವ, ಗುಂಪುಗೂಡಿಸುವ ಅನುಕೂಲಗಳು ಬಂದವು.

ಹೊಸ ಹೆಸರುಗಳೂ ಇವೆ. ಮೊಜಿಲ್ಲಾದಲ್ಲಿ 2012ರಲ್ಲಿ ಆರಂಭವಾಗಿ ನಂತರ ಲಿನಕ್ಸ್ ಪ್ರತಿಷ್ಠಾನದ ಆಶ್ರಯಕ್ಕೆ ಬಂದ ಸರ್ವೋ ಒಂದು. ಬೇರೆ ಯಾರ ಬ್ರೌಸರಿನ ಮೂಲಪಾಠವನ್ನೂ ಆಧರಿಸದೆ ಮೊದಲಿನಿಂದ ಬರೆಯುತ್ತಿರುವ ಲೇಡಿಬರ್ಡ್ ಇನ್ನೊಂದು. ಲೇಡಿಬರ್ಡ್‌ಗಾಗಿ 2024ರಲ್ಲಿ ಲಾಭರಹಿತ ಸಂಸ್ಥೆ ಏರ್ಪಟ್ಟಾಗ, ಅದರ ಪ್ರಾಯೋಗಿಕ ಆವೃತ್ತಿಯನ್ನು 2026ರಲ್ಲಿ ಕೊಡುವ ಗುರಿ ಇಟ್ಟುಕೊಳ್ಳಲಾಯಿತು.

ಇಷ್ಟೊಂದು ಹೊಸ ಬ್ರೌಸರುಗಳ ಅಗತ್ಯವೇನು ಎಂದು ಕೇಳಬಹುದು. ಗೂಗಲ್ 2008ರಲ್ಲಿ ಕ್ರೋಮ್ ತಂದಿತು. ಅದರ ತಳಪಾಯವಾದ ಕ್ರೋಮಿಯಮ್ ಕೂಡ ಮುಕ್ತವೇ. 2020ರಲ್ಲಿ ಮೈಕ್ರೋಸಾಫ್ಟ್ ಸಹ ತನ್ನ ಎಡ್ಜ್ ಬ್ರೌಸರಿಗೆ ಅದೇ ತಳಪಾಯ ಹಾಕಿತು. 2022ರ ಜೂನ್ 15ರಂದು ಎಕ್ಸ್‌ಪ್ಲೋರರ್ ನಿವೃತ್ತವಾಯಿತು. ಹೀಗೆ ಮೂಲಪಾಠ ಬಯಲಲ್ಲಿದ್ದರೂ ಅದರ ದಾರಿ ತೀರ್ಮಾನಿಸುವ ಶಕ್ತಿ ಬಹುಮಟ್ಟಿಗೆ ಒಂದೇ ಕಂಪನಿಯ ಬಳಿ ಸೇರಿತು. ಮೊಜಿಲ್ಲಾದ ಆದಾಯದ ದೊಡ್ಡ ಪಾಲು ಬರುವುದೂ ಗೂಗಲ್ ಹುಡುಕುಯಂತ್ರವನ್ನು ತನ್ನ ಬ್ರೌಸರಿನಲ್ಲಿ ಇಟ್ಟದ್ದಕ್ಕಾಗಿ ಆ ಕಂಪನಿ ಕೊಡುವ ಹಣದಿಂದಲೇ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನ್ಯಾಯಾಲಯ ಇಂಥ ಪಾವತಿಯನ್ನು ಪೂರ್ತಿ ನಿಷೇಧಿಸದೆ ಬಿಟ್ಟಿತು. ಪ್ರತಿಸ್ಪರ್ಧಿಯ ಹಣದಿಂದ ಬದುಕುವ ಸ್ವಾತಂತ್ರ್ಯ ಎಷ್ಟು ಗಟ್ಟಿ ಎಂಬ ಪ್ರಶ್ನೆ ಮಾತ್ರ ಉಳಿದೇ ಇದೆ.

ಖಾನಾಪುರ ತಾಲ್ಲೂಕಿನಂಥ ಕಡೆ ಈ ಪ್ರಶ್ನೆಗೆ ಇನ್ನೂ ಹತ್ತಿರದ ಮುಖವಿದೆ. ಭೀಮಗಡದ ಕಾಡಂಚಿನ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಎಂಬ ದಿನಗಳು ಹೊಸತಲ್ಲ. ಪತ್ರಗಳೆಲ್ಲ ದೂರದ ಯಾರದೋ ಯಂತ್ರದಲ್ಲಿದ್ದರೆ ಸಂಪರ್ಕ ಕಡಿದಾಗ ಓದುವ ಹಾಗಿಲ್ಲ. ತನ್ನ ಯಂತ್ರಕ್ಕೇ ಇಳಿಸಿಕೊಳ್ಳುವ ಇ-ಮೇಲ್ ತಂತ್ರಾಂಶವಿದ್ದರೆ ನೆಟ್‌ವರ್ಕ್ ಬಂದಾಗ ತರಿಸಿಕೊಂಡು, ಹೋದಾಗ ಓದಬಹುದು, ಉತ್ತರ ಬರೆದಿಡಬಹುದು. ಹಾಗೆಯೇ, ವಿಂಡೋಸ್ 7 ಇರುವ ಹಳೆಯ ಗಣಕಗಳಿಗೆ ಕ್ರೋಮ್ 2023ರ ಆರಂಭದಲ್ಲೇ ಬಾಗಿಲು ಮುಚ್ಚಿತು. ಫೈರ್‌ಫಾಕ್ಸ್ ಮಾತ್ರ ತನ್ನ 115ನೇ ದೀರ್ಘಾವಧಿ ಆವೃತ್ತಿಯ ಮೂಲಕ ಮೊದಲು ಹೇಳಿದ ಗಡುವು ದಾಟಿಯೂ ಸುರಕ್ಷತೆಯ ತಿದ್ದುಪಡಿ ಕೊಡುತ್ತ ಬಂತು. ಹೊಸ ಯಂತ್ರ ಕೊಳ್ಳಲು ಕೈಯಲ್ಲಿ ಹಣವಿಲ್ಲದವರಿಗೆ ಇದು ಸಣ್ಣ ಉಪಕಾರವಲ್ಲ.

ಹಲಸಿಯ ತಗಡುಗಳು

ಖಾನಾಪುರ ತಾಲ್ಲೂಕಿನ ಹಲಸಿ ಕದಂಬರ ಕಾಲದಲ್ಲಿ ಪಲಾಶಿಕಾ ಎಂದು ಹೆಸರಾಗಿತ್ತು. ಅಲ್ಲಿ ದೊರೆತ ತಾಮ್ರದ ತಗಡುಗಳ ಶಾಸನಗಳನ್ನು ಹತ್ತೊಂಬತ್ತನೇ ಶತಮಾನದಲ್ಲಿ ಜೆ.ಎಫ್. ಫ್ಲೀಟ್ ಓದಿ ಪ್ರಕಟಿಸಿದರು. ಅವುಗಳಲ್ಲಿ ಹಳೆಯದು ಕಾಕುಸ್ಥವರ್ಮನ ಕಾಲದ್ದು, ಐದನೇ ಶತಮಾನದ್ದು. ಭಾಷೆ ಸಂಸ್ಕೃತ, ಲಿಪಿ ನಮ್ಮ ಕನ್ನಡ ಲಿಪಿಯ ಪೂರ್ವರೂಪ. ಸಾವಿರದ ನಾನೂರು ವರ್ಷ ಕಳೆದರೂ ಆ ತಗಡು ಓದಲು ಬಂದದ್ದು ಹೇಗೆ? ಬರೆದವನು ಅಕ್ಷರವನ್ನು ಗುಟ್ಟಾಗಿ ಇಟ್ಟುಕೊಂಡಿರಲಿಲ್ಲ. ಆ ಲಿಪಿ ಊರಿನ ಎಲ್ಲ ಲಿಪಿಕಾರರ ಸೊತ್ತಾಗಿತ್ತು. ಹಲವು ಶಾಸನಗಳಲ್ಲಿ ಹರಡಿತ್ತು, ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತ ನಮ್ಮವರೆಗೂ ಬಂತು. ನಮ್ಮ ಕಾಕಾನ ಪತ್ರಗಳಾದರೋ ಇಪ್ಪತ್ತು ವರ್ಷಕ್ಕೇ ಓದಲು ಬಾರದಾಗಿದ್ದವು.

ರಾಜ್ಯದ ಎಷ್ಟೋ ಮನೆಗಳ, ಶಾಲೆಗಳ, ಸಂಘಸಂಸ್ಥೆಗಳ, ಕಚೇರಿಗಳ ಹಳೆಯ ಗಣಕಗಳಲ್ಲಿ ಇಂಥ ವೇಷದ ಕನ್ನಡ ಇನ್ನೂ ಮಲಗಿದೆ. ಸ್ಮರಣ ಸಂಚಿಕೆಗಳು, ಊರ ಚರಿತ್ರೆಗಳು, ನಡಾವಳಿಗಳು, ಪ್ರಕಟವಾಗದ ಕವಿತೆಗಳು. ಹಾರ್ಡ್ ಡಿಸ್ಕ್‌ಗೆ ತಾಮ್ರದ ಆಯುಸ್ಸಿಲ್ಲ. ಅಟ್ಟದಿಂದ ಅವನ್ನು ಇಳಿಸಿ, ಯೂನಿಕೋಡಿಗೆ ತಿರುಗಿಸಿ, ಯಾರೂ ತೆರೆಯಬಹುದಾದ ರೂಪದಲ್ಲಿ ಇಡುವ ಕೆಲಸಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಸಾಧನಗಳು ಪುಕ್ಕಟೆಯಾಗಿ ಇವೆ. ಬೇಕಾದದ್ದು ಒಂದಷ್ಟು ರವಿವಾರಗಳು ಮತ್ತು ಹಳೆಯ ಅಕ್ಷರಶೈಲಿಯ ಹೆಸರು ನೆನಪಿರುವ ಒಬ್ಬ ಹಿರಿಯರು. ಆ ಹಿರಿಯರು ಇರುವಾಗಲೇ ಅದು ಆಗಬೇಕು.

ಪರಿವರ್ತಿಸಿದ ಪತ್ರಗಳಲ್ಲಿ ಅರ್ಕಾವತ್ತುಗಳು ಕೆಲವೆಡೆ ತಪ್ಪಿದ್ದವು. ಕಾಕಾ ಒಂದೊಂದಾಗಿ ತಿದ್ದುತ್ತಿದ್ದಾರೆ. ಮೊದಲ ದಿನ ಪರದೆಯ ಮೇಲೆ 2006ರ ಒಂದು ಪತ್ರ ಕನ್ನಡವಾಗಿ ತೆರೆದುಕೊಂಡಾಗ ಅವರು ಗಟ್ಟಿಯಾಗಿ ಓದಿದರು. ಲೋಂಡಾದ ನಿಲ್ದಾಣದಲ್ಲಿ ಒಂದು ಮಳೆಯ ರಾತ್ರಿ ತಡವಾದ ರೈಲಿಗೆ ಕಾದ ಕತೆ ಅದು. ಅರ್ಧಕ್ಕೆ ನಿಲ್ಲಿಸಿ, "ಅಪ್ಪಾ ಹೇಳಿದ್ದು ಹಿಂಗ. ಒಂದ ಅಕ್ಷರ ಆಚೀಚಿ ಆಗಿಲ್ಲ ನೋಡವಾ" ಎಂದರು. ಆಮೇಲೆ ಅತ್ತೆಗೆ ಫೋನು ಹಚ್ಚಿ, ಮೊದಲಿನಿಂದ ಮತ್ತೆ ಓದತೊಡಗಿದರು.